ಥಾಯ್ಲೆಂಡಿನಲ್ಲಿ ರಜಾಮನೆ: ಮುಂಗಡ ಕೊಡುವ ಮೊದಲು ನೋಡಬೇಕಾದ ಕಾಗದಪತ್ರಗಳು

ಥಾಯ್ಲೆಂಡಿನಲ್ಲಿ ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ. ಅಲ್ಲಿನ 1954ರ ಭೂಸಂಹಿತೆಯ ಮೂಲ ನಿಯಮವೇ ಅದು. ಕೆಲವು ದೇಶಗಳವರಿಗೆ ಒಪ್ಪಂದದ ಮೂಲಕ ಇದ್ದ ಅವಕಾಶವೂ 1970ಕ್ಕೆ ಮುಗಿದುಹೋಯಿತು. ಆದರೂ ಫುಕೆಟ್‌ಗೋ ಕೊ ಸಮುಯಿಗೋ ಹೋಗಿ ನೋಡಿ, ಗುಡ್ಡದ ತುಂಬ ವಿದೇಶಿಯರ ವಿಲ್ಲಾಗಳು. ಕಾನೂನು ಕೂಡದು ಎನ್ನುತ್ತದೆ, ಮಾರುವವರು ‘ಎಲ್ಲರೂ ಹೀಗೇ ಮಾಡೋದು ಸಾರ್’ ಎನ್ನುತ್ತಾರೆ. ಜನ ದುಡ್ಡು ಕಳೆದುಕೊಳ್ಳುವುದು ಈ ಎರಡು ಮಾತುಗಳ ಸಂದಿಯಲ್ಲಿ.

ಬೆಂಗಳೂರಿನಿಂದ ಫುಕೆಟ್‌ಗೆ ನೇರ ವಿಮಾನವಿದೆ. ಸಕಲೇಶಪುರದಲ್ಲಿ ತೋಟದ ಮನೆ ಹುಡುಕುತ್ತಿದ್ದವರು ಆ ದುಡ್ಡಿಗೆ ಅಂಡಮಾನ್ ಸಮುದ್ರದ ಪಕ್ಕದಲ್ಲೇ ಫ್ಲಾಟ್ ಬರುತ್ತದಲ್ಲ ಎಂದು ಲೆಕ್ಕ ಹಾಕುವುದು ಸಹಜ. ದುಬೈ, ಮಸ್ಕತ್, ಸಿಂಗಪುರದಲ್ಲಿರುವ ನಮ್ಮವರಿಗೂ ಇದೇ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಅಲ್ಲಿನ ಮೋಸದಲ್ಲಿ ಖೋಟಾ ಪತ್ರ, ಓಡಿಹೋದ ಏಜೆಂಟ್ ಇರುವುದು ಕಡಿಮೆ. ಆಫೀಸು, ವಕೀಲರು, ಸೀಲು, ರಸೀದಿ ಎಲ್ಲವೂ ಇರುತ್ತದೆ, ಆಸ್ತಿ ಮಾತ್ರ ನಿಮ್ಮದಾಗಿರುವುದಿಲ್ಲ. ಈ ಮಾರ್ಗದರ್ಶಿಯನ್ನು ಓದಿ ವಕೀಲರ ಫೀಸು ಉಳಿಸಲು ಹೋಗಬೇಡಿ. ವಕೀಲರ ಮುಂದೆ ಕುಳಿತಾಗ ಏನು ಕೇಳಬೇಕು ಎಂಬುದಕ್ಕೆ ಇದನ್ನು ಇಟ್ಟುಕೊಳ್ಳಿ.

ಹೆಜ್ಜೆ 1: ನಿಮಗೆ ಮಾರುತ್ತಿರುವುದು ಏನನ್ನು?

ಬ್ರೋಷರಿನಲ್ಲಿ ಏನೇ ಬರೆದಿರಲಿ, ಸಾಮಾನ್ಯ ವಿದೇಶಿ ಕೊಳ್ಳುಗನ ಕೈಗೆ ಬರಬಹುದಾದದ್ದು ಮೂರು ಬಗೆ. ಕಾಂಡೊಮಿನಿಯಂ ಎಂದು ನೋಂದಣಿಯಾದ ಕಟ್ಟಡದಲ್ಲಿ ಒಂದು ಫ್ಲಾಟ್. ಗರಿಷ್ಠ 30 ವರ್ಷದ ಲೀಸ್. ಅಥವಾ ಬೇರೆಯವರ ನೆಲದ ಮೇಲೆ ನಿಂತ ಕಟ್ಟಡ ಮಾತ್ರ, ನೆಲ ಬಿಟ್ಟು. ‘ಜಾಗ ಸಮೇತ ವಿಲ್ಲಾ ನಿಮ್ಮ ಹೆಸರಿಗೇ ಆಗುತ್ತೆ’ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಸಿ. ನಿಗದಿತ ಹೂಡಿಕೆಗಳಲ್ಲಿ 4 ಕೋಟಿ ಬಾತ್ (ಅಲ್ಲಿನ ಕರೆನ್ಸಿ) ತೊಡಗಿಸಿದವರಿಗೆ ಮಂತ್ರಿಯ ಅನುಮತಿಯ ಮೇಲೆ ವಾಸಕ್ಕೆಂದು 1 ರೈ ಭೂಮಿ ಕೊಡುವ ಅವಕಾಶ ಇದೆ. ಒಂದು ರೈ ಎಂದರೆ 1,600 ಚದರ ಮೀಟರ್, ನಮ್ಮ 16 ಗುಂಟೆಗೆ ಚೂರು ಕಡಿಮೆ. ಈ ಲೇಖನ ಓದುತ್ತಿರುವವರಿಗೆ ಅದು ಹೊಂದುವ ಮಾತಲ್ಲ.

ಮೂರರಲ್ಲಿ ನಿಜವಾದ ಒಡೆತನ ಸಿಗುವುದು ಕಾಂಡೊದಲ್ಲಿ. 1979ರ ಕಾಂಡೊಮಿನಿಯಂ ಕಾಯ್ದೆಯ ಪ್ರಕಾರ, ಕಟ್ಟಡದ ಎಲ್ಲ ಫ್ಲಾಟುಗಳ ಒಟ್ಟು ವಿಸ್ತೀರ್ಣದಲ್ಲಿ ಶೇ 49ರ ವರೆಗೆ ವಿದೇಶಿಯರ ಹೆಸರಿನಲ್ಲಿ ಇರಬಹುದು. ಉಳಿದ ಪಾಲು ಥಾಯ್ ಜನರಿಗೆ. ಕಡಲತೀರದ ಬೇಡಿಕೆಯ ಕಟ್ಟಡಗಳಲ್ಲಿ ವಿದೇಶಿ ಕೋಟಾ ಬೇಗ ತುಂಬುತ್ತದೆ. ಆಮೇಲೆ ಬರುವವರಿಗೆ ಅದೇ ಮಹಡಿಯಲ್ಲಿ, ಅದೇ ಬಾಲ್ಕನಿ ಇರುವ ಫ್ಲಾಟನ್ನು ಸ್ವಲ್ಪ ಕಡಿಮೆ ಬೆಲೆಗೆ ತೋರಿಸುತ್ತಾರೆ. ಅದು ಥಾಯ್ ಕೋಟಾದ ಫ್ಲಾಟ್. ನಿಮಗೆ ಅದು ಲೀಸ್ ಆಗಿ ಸಿಗಬಹುದು, ಇಲ್ಲವೇ ‘ಒಂದು ಕಂಪನಿ ಮಾಡಿಕೊಡ್ತೀವಿ’ ಎಂಬ ಮಾತು ಬರುತ್ತದೆ. ಕಂಪನಿಯ ವಿಷಯ ಮುಂದೆ ಇದೆ.

ಕೋಟಾದ ಲೆಕ್ಕ ಇಡುವುದು ಕಟ್ಟಡದ ನಿರ್ವಹಣಾ ಮಂಡಳಿ. ಕಾನೂನಿನ ಪ್ರಕಾರ ಅದೊಂದು ಸ್ವತಂತ್ರ ಸಂಸ್ಥೆ, ಬಿಲ್ಡರ್ ಅಲ್ಲ. ಈ ಫ್ಲಾಟ್ ವಿದೇಶಿ ಕೋಟಾದೊಳಗೆ ಬರುತ್ತದೆ ಎಂದು ಮಂಡಳಿಯಿಂದ ಪತ್ರ ತರಿಸಿ. ಏಜೆಂಟ್ ಬಾಯಲ್ಲಿ ಹೇಳಿದ್ದು, ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ಲೆಕ್ಕಕ್ಕಿಲ್ಲ.

‘ಕಾನೂನು ಸದ್ಯದಲ್ಲೇ ಬದಲಾಗುತ್ತೆ, ಈಗ ತಗೊಂಡವರಿಗೆ ಲಾಭ’ ಎಂಬ ಮಾತನ್ನೂ ಕೇಳುತ್ತೀರಿ. 2022ರಲ್ಲಿ ಹೂಡಿಕೆದಾರ ವಿದೇಶಿಯರಿಗೆ 1 ರೈ ಭೂಮಿ ಸುಲಭವಾಗಿ ಕೊಡುವ ಪ್ರಸ್ತಾವ ಬಂದು, ‘ದೇಶ ಮಾರುತ್ತಿದ್ದಾರೆ’ ಎಂದು ಜನ ಗಲಾಟೆ ಮಾಡಿದ ಮೇಲೆ ಸರ್ಕಾರ ಅದನ್ನು ವಾಪಸ್ ಪಡೆಯಿತು. 2024ರಲ್ಲಿ ಲೀಸ್ ಅವಧಿಯನ್ನು 99 ವರ್ಷಕ್ಕೆ, ಕಾಂಡೊ ಕೋಟಾವನ್ನು ಶೇ 75ಕ್ಕೆ ಏರಿಸುವ ಚರ್ಚೆ ನಡೆಯಿತು, ಮತ್ತೆ ಅದೇ ಗಲಾಟೆ. ಭೂಮಿಯ ವಿಷಯದಲ್ಲಿ ಅಲ್ಲಿನ ಜನರ ಭಾವನೆ ಗಟ್ಟಿಯಾಗಿದೆ. ಇವತ್ತು ಪುಸ್ತಕದಲ್ಲಿರುವ ಕಾನೂನಿಗೆ ಎಷ್ಟು ಬೆಲೆಯೋ ಅಷ್ಟನ್ನೇ ಕೊಡಿ.

ಹೆಜ್ಜೆ 2: ಮನೆ ನೋಡುವ ಮೊದಲು ಹಣದ ದಾರಿ ನೋಡಿ

ಈ ಹೆಜ್ಜೆಯನ್ನು ಬಹಳ ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ. ಕಾಂಡೊ ನಿಮ್ಮ ಹೆಸರಿಗೆ ನೋಂದಣಿ ಆಗಬೇಕಾದರೆ, ಆ ಹಣ ವಿದೇಶಿ ಕರೆನ್ಸಿಯಾಗಿಯೇ ಥಾಯ್ಲೆಂಡಿನೊಳಗೆ ಬಂದಿದೆ ಎಂದು ಭೂ ಕಚೇರಿಗೆ ದಾಖಲೆ ಕೊಡಬೇಕು. 50,000 ಡಾಲರ್ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಥಾಯ್ ಬ್ಯಾಂಕು ವಿದೇಶಿ ವಿನಿಮಯ ವಹಿವಾಟಿನ ನಮೂನೆ ಕೊಡುತ್ತದೆ. ಅಲ್ಲಿ ಎಲ್ಲರೂ ಅದನ್ನು ಎಫ್‌ಇಟಿ ಎನ್ನುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಬ್ಯಾಂಕಿನಿಂದ ಪತ್ರ ಪಡೆಯಬೇಕು.

ಎಡವುವುದು ಎಲ್ಲಿ ಎಂದರೆ, ಬೆಂಗಳೂರಿನ ಬ್ಯಾಂಕಿನಲ್ಲೇ ರೂಪಾಯಿಯನ್ನು ಬಾತ್ ಮಾಡಿಸಿ ಕಳಿಸುವುದರಲ್ಲಿ. ಒಳಗೆ ಬಂದದ್ದು ಬಾತ್ ಆದರೆ ವಿದೇಶಿ ಕರೆನ್ಸಿ ಬಂದ ದಾಖಲೆಯೇ ಹುಟ್ಟುವುದಿಲ್ಲ. ಡಾಲರ್ ಕಳಿಸಿ, ಬಾತ್ ಆಗುವುದು ಅಲ್ಲಿನ ಬ್ಯಾಂಕಿನಲ್ಲಿ ಆಗಲಿ. ಯಾವ ಕಟ್ಟಡದ, ಯಾವ ನಂಬರಿನ ಫ್ಲಾಟ್ ಕೊಳ್ಳಲು ಎಂದು ಕಳಿಸುವ ಉದ್ದೇಶದ ಜಾಗದಲ್ಲಿ ಬರೆಸಿ. ಈ ಕಾಗದ ಮುಂದೊಂದು ದಿನ ಫ್ಲಾಟ್ ಮಾರಿ ಹಣ ವಾಪಸ್ ತರುವಾಗಲೂ ಬೇಕು. ಕಳೆದರೆ ಆಗ ಪರದಾಟ.

ಇನ್ನೊಂದು ಸಣ್ಣ ವಿಷಯ, ಕನ್ನಡಿಗರಿಗೆ ವಿಶೇಷವಾಗಿ. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎರಡನ್ನೂ ಬಿಡಿಸಿ ಬರೆದಿರುತ್ತದೆ, ಬ್ಯಾಂಕ್ ಖಾತೆಯಲ್ಲಿ ಬರೀ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಮೂರನೆಯದೇ ರೂಪ. ಹಣ ಕಳಿಸಿದವರು, ಎಫ್‌ಇಟಿಯಲ್ಲಿರುವವರು, ಭೂ ಕಚೇರಿಗೆ ಬಂದವರು ಒಬ್ಬರೇ ಎಂದು ಥಾಯ್ ಅಧಿಕಾರಿಗೆ ಅನ್ನಿಸಬೇಕು. ಮೊದಲೇ ಬ್ಯಾಂಕಿನಲ್ಲಿ ಹೆಸರು ಪಾಸ್‌ಪೋರ್ಟಿನಂತೆ ಮಾಡಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಫ್ಲಾಟ್ ಬೇಕಿದ್ದರೆ ಇಬ್ಬರ ಖಾತೆಯಿಂದಲೂ ಅವರವರ ಪಾಲು ಹೋಗಲಿ.

ಇನ್ನು ನಮ್ಮ ದೇಶದ ಕಡೆ. ಭಾರತದಲ್ಲಿ ವಾಸವಿರುವ ಒಬ್ಬ ವ್ಯಕ್ತಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಹೊರಗೆ ಕಳಿಸಬಹುದು. 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಈ ಹಣದಲ್ಲಿ ವಿದೇಶದಲ್ಲಿ ಸ್ಥಿರಾಸ್ತಿ ಕೊಳ್ಳಬಹುದು, ಷರತ್ತು ಪಾಲಿಸುವ ಹತ್ತಿರದ ಸಂಬಂಧಿಕರು ತಮ್ಮ ತಮ್ಮ ಮಿತಿಯನ್ನು ಒಟ್ಟುಗೂಡಿಸಬಹುದು. ಆಸ್ತಿ ಕೊಳ್ಳಲೆಂದು ಹೊರಗೆ ಕಳಿಸುವ ಈ ಹಣಕ್ಕೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಪ್ರಾಪರ್ಟಿ ಮೇಳದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಬುಕಿಂಗ್ ಮಾಡುವುದೂ ಬೇಡ, ಹಣ ಬ್ಯಾಂಕಿನ ಎ2 ಫಾರಂ ಮೂಲಕವೇ ಹೋಗಬೇಕು. ಕೀಲಿ ಕೈಗೆ ಬಂದ ಮೇಲೂ ಬಿಲ್ಡರಿಗೆ ವರ್ಷಗಟ್ಟಲೆ ಕಂತು ಕಟ್ಟುವ ಸ್ಕೀಮುಗಳಿರುತ್ತವೆ. ಅವು ವಿದೇಶಿ ಸಾಲ ಎನಿಸಿಕೊಳ್ಳುವ ಅಪಾಯವಿದೆ, ಸಿಎ ಬಳಿ ಲಿಖಿತವಾಗಿ ಕೇಳದೆ ಒಪ್ಪಬೇಡಿ. ಕಳಿಸಿದ ಹಣ ಹೂಡಿಕೆಯಾಗದೆ ಸುಮ್ಮನೆ ಅಲ್ಲೇ ಉಳಿದರೆ 180 ದಿನದೊಳಗೆ ವಾಪಸ್ ತರಬೇಕು ಎಂಬ ನಿಯಮವೂ ಇದೆ. ಆದ್ದರಿಂದ ‘ಮೊದಲು ದುಡ್ಡು ಕಳಿಸಿಟ್ಟಿರೋಣ, ಆಮೇಲೆ ನಿಧಾನಕ್ಕೆ ಮನೆ ನೋಡೋಣ’ ಎನ್ನುವಂತಿಲ್ಲ.

ಹಣ ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ಹಿಡಿಯುವ ಟಿಸಿಎಸ್ ತೆರಿಗೆಯ ಏಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದ ಪ್ರಕಾರ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ 20. ನೀವು 80 ಲಕ್ಷ ಕಳಿಸಿದರೆ 70 ಲಕ್ಷದ ಮೇಲೆ 14 ಲಕ್ಷವನ್ನು ಬ್ಯಾಂಕು ಹೆಚ್ಚುವರಿಯಾಗಿ ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಅದು ನಿಮ್ಮ ತೆರಿಗೆಗೆ ಹೊಂದಿಕೆಯಾಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ.

ಇದನ್ನೆಲ್ಲ ಕೇಳಿದ ಏಜೆಂಟ್ ‘ಇಲ್ಲೇ ರೂಪಾಯಿ ಕೊಡಿ, ಅಲ್ಲಿ ಬಾತ್ ತಲುಪಿಸ್ತೀವಿ’ ಎನ್ನಬಹುದು. ಅದು ಹವಾಲಾ. ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಅಷ್ಟೇ ಅಲ್ಲ, ಹೊರದೇಶದ ಆಸ್ತಿ ಕೈಗೆಟುಕದಿದ್ದರೆ ಅದೇ ಮೌಲ್ಯದ ಇಲ್ಲಿನ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು 37ಎ ಸೆಕ್ಷನ್ ಅವಕಾಶ ಕೊಡುತ್ತದೆ. ಫುಕೆಟ್ ಫ್ಲಾಟಿನ ತಪ್ಪಿಗೆ ಜಯನಗರದ ಮನೆ ಹೋಗಬಹುದು ಎಂದರ್ಥ. ಎಫ್‌ಇಟಿಯಂತೂ ಸಿಗುವುದೇ ಇಲ್ಲ.

ಈಗಾಗಲೇ ಎನ್ಆರ್‌ಐ ಆಗಿರುವವರಿಗೆ ಎಲ್‌ಆರ್‌ಎಸ್ ಮಿತಿ ಅನ್ವಯಿಸುವುದಿಲ್ಲ. ಹೊರಗಿದ್ದಾಗ ಅಲ್ಲಿನ ದುಡಿಮೆಯಲ್ಲಿ ಕೊಂಡ ಆಸ್ತಿಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ಫೆಮಾ ಅಡ್ಡಿ ಮಾಡುವುದಿಲ್ಲ. ಸಂಬಳದ ದಾಖಲೆಗಳನ್ನು ಮಾತ್ರ ಎಸೆಯಬೇಡಿ.

ಹೆಜ್ಜೆ 3: ಬೇನಾಮಿ ಕಂಪನಿಗೆ ಬೇಡ ಎನ್ನಿ

ಥಾಯ್ ಕಂಪನಿಯಲ್ಲಿ ಶೇ 51 ಷೇರು ಥಾಯ್ ಪ್ರಜೆಗಳದ್ದಾದರೆ ಆ ಕಂಪನಿ ಭೂಮಿ ಕೊಳ್ಳಬಹುದು. ಹಾಗಾಗಿ ವಿದೇಶಿಗನ ಹೆಸರಿನಲ್ಲಿ ಶೇ 49, ಅವನು ಮುಖ ಕೂಡ ನೋಡದ ಇಬ್ಬರು ಮೂವರು ಥಾಯ್ ಜನರ ಹೆಸರಿನಲ್ಲಿ ಉಳಿದದ್ದು, ಅವರಿಂದ ದಿನಾಂಕ ಹಾಕದೆ ಸಹಿ ಮಾಡಿಸಿಕೊಂಡ ಷೇರು ವರ್ಗಾವಣೆ ಪತ್ರ. ಈ ಪ್ಯಾಕೇಜನ್ನು ಸಿದ್ಧ ಊಟದ ಹಾಗೆ ಕಟ್ಟಿಕೊಡುವವರು ಇದ್ದಾರೆ. ಬೇನಾಮಿ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ವಿದೇಶಿ ವ್ಯವಹಾರಗಳ ಕುರಿತ 1999ರ ಕಾಯ್ದೆಯಲ್ಲಿ ಹೀಗೆ ಹೆಸರು ಕೊಟ್ಟವರಿಗೂ ಹೆಸರು ಪಡೆದವರಿಗೂ 3 ವರ್ಷದವರೆಗೆ ಜೈಲು, 1 ಲಕ್ಷದಿಂದ 10 ಲಕ್ಷ ಬಾತ್ ದಂಡ. ಭೂಸಂಹಿತೆಯ ಪ್ರಕಾರ ಆ ಭೂಮಿಯನ್ನು 180 ದಿನಕ್ಕೆ ಕಡಿಮೆಯಿಲ್ಲದ, ಒಂದು ವರ್ಷ ಮೀರದ ಗಡುವಿನೊಳಗೆ ಮಾರಬೇಕು, ಇಲ್ಲವಾದರೆ ಇಲಾಖೆಯೇ ಮಾರುತ್ತದೆ. ಬಹಳ ಕಾಲ ಇದು ಪುಸ್ತಕದಲ್ಲಿ ಮಲಗಿದ್ದ ಕಾನೂನು. ಈಚಿನ ವರ್ಷಗಳಲ್ಲಿ ಫುಕೆಟ್, ಸಮುಯಿ, ಕೊ ಫಂಗನ್‌ಗಳಲ್ಲಿ ಇಂಥ ಕಂಪನಿಗಳ ತಪಾಸಣೆ ಜೋರಾಗಿದೆ. ಆದಾಯವಿಲ್ಲ, ನೌಕರರಿಲ್ಲ, ಇರುವ ಆಸ್ತಿ ಒಂದೇ ವಿಲ್ಲಾ, ಷೇರುದಾರರಿಗೆ ಷೇರು ಕೊಳ್ಳುವಷ್ಟು ದುಡ್ಡು ಎಲ್ಲಿಂದ ಬಂತೆಂಬ ಲೆಕ್ಕವಿಲ್ಲ. ಹಿಡಿಯಲು ಇಷ್ಟು ಸಾಕು.

ಭಾರತದ ನಿವಾಸಿಗೆ ಇಲ್ಲಿ ಇನ್ನೊಂದು ಕುಣಿಕೆಯಿದೆ, ಅದನ್ನು ಥಾಯ್ ವಕೀಲರು ಹೇಳುವುದಿಲ್ಲ. ಷೇರುಪೇಟೆಯಲ್ಲಿ ಪಟ್ಟಿಯಾಗದ ವಿದೇಶಿ ಕಂಪನಿಯ ಷೇರು ಕೊಂಡರೆ ಅದು ನಮ್ಮ ನಿಯಮದಲ್ಲಿ ಆಸ್ತಿ ಖರೀದಿಯಲ್ಲ, ಸಾಗರೋತ್ತರ ನೇರ ಹೂಡಿಕೆ. ಅದಕ್ಕೆ ಪ್ರತ್ಯೇಕ ಫಾರಂ, ಪ್ರತಿವರ್ಷ ವರದಿ. ಆಸ್ತಿ ಕೊಂಡು ಮಾರುವ ಕಂಪನಿಗಳಲ್ಲಿ ಅಂಥ ಹೂಡಿಕೆಯನ್ನು 2022ರ ನಿಯಮಗಳು ಒಪ್ಪುವುದಿಲ್ಲ. ಒಂದೇ ಸಹಿಯಲ್ಲಿ ಎರಡು ದೇಶದ ಕಾನೂನು ಮುರಿಯಬಹುದಾದ ಅಪರೂಪದ ಅವಕಾಶ ಇದು.

ಥಾಯ್ ಪ್ರಜೆಯನ್ನು ಮದುವೆಯಾದವರಿಗೆ ಒಂದು ಮಾತು: ಸಂಗಾತಿಯ ಹೆಸರಿಗೆ ಭೂಮಿ ಕೊಳ್ಳುವಾಗ, ಹಣ ಪೂರ್ತಿ ಆ ಥಾಯ್ ಸಂಗಾತಿಯ ಸ್ವಂತದ್ದು ಎಂದು ಇಬ್ಬರೂ ಭೂ ಕಚೇರಿಯಲ್ಲಿ ಬರೆದುಕೊಡಬೇಕು. ಸಹಿ ಹಾಕಿದ ಮೇಲೆ ಆ ಭೂಮಿಯಲ್ಲಿ ನಿಮಗೆ ಹಕ್ಕಿಲ್ಲ.

ಹೆಜ್ಜೆ 4: ಗರುಡನ ಬಣ್ಣ ನೋಡಿ, ಪತ್ರ ತಿರುಗಿಸಿ ನೋಡಿ

ಥಾಯ್ ಭೂದಾಖಲೆಯ ನೆತ್ತಿಯಲ್ಲಿ ಗರುಡನ ಮುದ್ರೆ ಇರುತ್ತದೆ, ಅದು ಅಲ್ಲಿನ ರಾಜಲಾಂಛನ. ಗರುಡ ಕೆಂಪಾಗಿದ್ದರೆ ಅದು ಚನೋಟ್, ಸರ್ವೆ ಕಲ್ಲು ನೆಟ್ಟು ಗಡಿ ಗುರುತಿಸಿದ ಪೂರ್ಣ ಒಡೆತನದ ಪತ್ರ. ಹಸಿರಾಗಿದ್ದರೆ ನೋರ್ ಸೋರ್ 3 ಗೋರ್, ವೈಮಾನಿಕ ಚಿತ್ರದ ಮೇಲೆ ಗುರುತಿಸಿದ ಅನುಭೋಗದ ಹಕ್ಕು. ಕಪ್ಪಾಗಿದ್ದರೆ ನೋರ್ ಸೋರ್ 3, ಗಡಿ ಇನ್ನೂ ಅಂದಾಜು, ಮಾರಾಟಕ್ಕೆ 30 ದಿನದ ಪ್ರಕಟಣೆ ಬೇಕು. ವಿಲ್ಲಾ ಲೀಸ್ ಪಡೆಯುವವರು ಕೆಂಪು ಗರುಡ ಬಿಟ್ಟು ಬೇರೆ ಯಾವುದಕ್ಕೂ ಕೈಹಾಕದಿರುವುದು ಕ್ಷೇಮ.

ಇವಕ್ಕಿಂತ ಕೆಳಗಿನವೂ ಇವೆ. ಪೋರ್ ಬೋರ್ ತೋರ್ 5 ಎಂಬುದು ಬರೀ ಕಂದಾಯ ಕಟ್ಟಿದ ಕಾಗದ. ಸೋರ್ ಪೋರ್ ಕೋರ್ 4-01 ಎಂದರೆ ಬಡ ರೈತರಿಗೆ ಸಾಗುವಳಿಗೆ ಕೊಟ್ಟ ಸರ್ಕಾರಿ ಭೂಮಿ, ಮಾರುವಂತಿಲ್ಲ, ರೆಸಾರ್ಟ್ ಕಟ್ಟುವಂತಿಲ್ಲ. ನಮ್ಮಲ್ಲಿ ಪಿಟಿಸಿಎಲ್ ಕಾಯ್ದೆಯಡಿ ಬರುವ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಮಂಜೂರಾತಿ ಜಮೀನು ಕೊಂಡು ವರ್ಷಗಳ ನಂತರ ಕಳೆದುಕೊಂಡವರ ಕಥೆ ಗೊತ್ತಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ಇದೇ ಬಗೆಯ ಪತ್ರಗಳನ್ನು ಫುಕೆಟ್‌ನ ಸಿರಿವಂತ ಕುಟುಂಬಗಳಿಗೆ ಹಂಚಿದ ಹಗರಣದಲ್ಲಿ ಪ್ರಧಾನಿ ಚುವಾನ್ ಲೀಕ್‌ಪೈ ಅವರ ಸರ್ಕಾರ 1995ರಲ್ಲಿ ಬಿದ್ದೇಹೋಯಿತು.

ಮುಂಭಾಗಕ್ಕಿಂತ ಹಿಂಭಾಗ ಮುಖ್ಯ. ನಾವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಸಿ ತೆಗೆಸುತ್ತೇವಲ್ಲ, ಅಲ್ಲಿ ಆ ಕೆಲಸ ಮಾಡುವುದು ಪತ್ರದ ಬೆನ್ನಿನಲ್ಲಿರುವ ಕೋಷ್ಟಕ. ಮಾರಾಟ, ಅಡಮಾನ, ಲೀಸ್, ದಾರಿ ಹಕ್ಕು ಎಲ್ಲವೂ ಸಾಲು ಸಾಲಾಗಿ ದಿನಾಂಕದೊಂದಿಗೆ ಅಲ್ಲಿ ನಮೂದಾಗಿರುತ್ತವೆ. ಕೊನೆಯ ಸಾಲು ಬ್ಯಾಂಕಿನ ಅಡಮಾನವಾಗಿದ್ದು, ಅದರ ಕೆಳಗೆ ತೀರುವಳಿ ನಮೂದು ಇಲ್ಲದಿದ್ದರೆ ಆಸ್ತಿ ಇನ್ನೂ ಬ್ಯಾಂಕಿನ ಹಿಡಿತದಲ್ಲಿದೆ. ದಿನಾಂಕಗಳು ಬೌದ್ಧ ಶಕೆಯಲ್ಲಿರುತ್ತವೆ, 543 ಕಳೆಯಿರಿ. 2567 ಎಂದರೆ 2024. ಮಾಲೀಕ ಕೊಟ್ಟ ಜೆರಾಕ್ಸ್ ನಂಬಬೇಡಿ. ಭೂ ಕಚೇರಿಯಲ್ಲಿ ಇನ್ನೊಂದು ಮೂಲಪ್ರತಿ ಇರುತ್ತದೆ, ನಿಮ್ಮ ವಕೀಲರು ಹೋಗಿ ಅದನ್ನೇ ನೋಡಿ ಪ್ರಮಾಣಿತ ನಕಲು ತರಬೇಕು. ಮುಂಗಡ ಕೊಡುವ ದಿನ ಒಮ್ಮೆ, ನೋಂದಣಿಯ ಹಿಂದಿನ ದಿನ ಮತ್ತೊಮ್ಮೆ.

ಕೆಂಪು ಗರುಡ ಇದ್ದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಫುಕೆಟ್‌ನ ಸಿರಿನಾತ್ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ರೆಸಾರ್ಟುಗಳ ಪತ್ರಗಳೇ ಅರಣ್ಯ ಒತ್ತುವರಿಯ ತನಿಖೆಗೆ ಸಿಲುಕಿದ್ದುಂಟು. 2024ರ ಫೆಬ್ರವರಿಯಲ್ಲಿ ಯಾಮು ಕಡಲತೀರದ ವಿಲ್ಲಾವೊಂದರ ಮೆಟ್ಟಿಲ ಮೇಲೆ ಕುಳಿತಿದ್ದ ಸ್ಥಳೀಯ ವೈದ್ಯೆಗೂ ಅಲ್ಲಿ ವಾಸವಿದ್ದ ವಿದೇಶಿಗನಿಗೂ ಜಗಳವಾಯಿತು. ಸುದ್ದಿ ದೇಶವೆಲ್ಲ ಹಬ್ಬಿ, ಅಧಿಕಾರಿಗಳು ಬಂದು ಅಳೆದಾಗ ಗೊತ್ತಾಗಿದ್ದು, ಆ ಮೆಟ್ಟಿಲುಗಳೇ ಸಾರ್ವಜನಿಕ ತೀರದ ಮೇಲಿವೆ ಎಂದು. ಕೆಡವಿದರು. ಸಮುದ್ರಕ್ಕೆ ಇಳಿಯುವ ಖಾಸಗಿ ಮೆಟ್ಟಿಲು ಎಂದು ಯಾರಾದರೂ ತೋರಿಸಿದರೆ ಗಡಿಕಲ್ಲು ಎಲ್ಲಿದೆ ಎಂದು ಕೇಳಿ.

ಗುಡ್ಡದ ಮೇಲಿನ ವಿಲ್ಲಾ ಆದರೆ ಕಟ್ಟಡ ಪರವಾನಗಿ, ಇಳಿಜಾರು, ಎತ್ತರದ ನಿಯಮ ನೋಡಿಸಿ. ಫುಕೆಟ್‌ನಲ್ಲಿ ಸಮುದ್ರ ಮಟ್ಟದಿಂದ ಎಷ್ಟು ಮೇಲೆ ಕಟ್ಟಬಹುದು ಎಂಬುದಕ್ಕೂ ಮಿತಿಯಿದೆ. 2024ರ ಆಗಸ್ಟ್ 23ರಂದು ಕರೋನ್ ಬಳಿ ಗುಡ್ಡ ಕುಸಿದು 13 ಜನ ಸತ್ತರು. ಕೊಡಗು, ಶಿರೂರು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಹೆಜ್ಜೆ 5: 30+30+30 ಎಂಬ ಲೆಕ್ಕ

‘90 ವರ್ಷದ ಲೀಸ್’ ಎಂದು ಮಾರುವ ವಿಲ್ಲಾಗಳಲ್ಲಿ ಕಾನೂನು ಒಪ್ಪುವುದು ಮೊದಲ 30ನ್ನು. ಥಾಯ್ ನಾಗರಿಕ ಸಂಹಿತೆಯ 540ನೇ ಸೆಕ್ಷನ್ ಅದಕ್ಕಿಂತ ಉದ್ದದ ಲೀಸನ್ನು 30ಕ್ಕೇ ಕತ್ತರಿಸುತ್ತದೆ. ಮುಂದಿನ ಎರಡು 30 ಬರೀ ಮಾತು. ಅದರ ಭಾರ ಇದ್ದರೂ ನವೀಕರಿಸುತ್ತೇನೆ ಎಂದು ಸಹಿ ಹಾಕಿದವನ ಮೇಲೆ ಮಾತ್ರ, ನಾಳೆ ಅವನು ಭೂಮಿ ಮಾರಿದರೆ ಹೊಸ ಮಾಲೀಕನಿಗೆ ಅದು ತಟ್ಟುವುದಿಲ್ಲ. 90 ವರ್ಷದ ಬೆಲೆಯನ್ನು ಕೊಡಬೇಡಿ. ನಮ್ಮೂರಿನ ಲೀಸ್ ಮನೆಯ ಹಾಗೆ ಅವಧಿ ಮುಗಿದಾಗ ಕೊಟ್ಟ ದುಡ್ಡು ವಾಪಸ್ ಬರುವ ಏರ್ಪಾಡೂ ಇದಲ್ಲ.

ಮೂರು ವರ್ಷಕ್ಕಿಂತ ಹೆಚ್ಚಿನ ಲೀಸನ್ನು ಭೂ ಕಚೇರಿಯಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಮೂರು ವರ್ಷಕ್ಕಷ್ಟೇ ಅದು ನಿಲ್ಲುತ್ತದೆ. ಖರ್ಚು ಒಟ್ಟು ಬಾಡಿಗೆಯ ಶೇ 1.1. ಅದನ್ನು ಉಳಿಸಲು ಹೋಗಿ ಕರಾರನ್ನು ಬೀರುವಿನಲ್ಲಿಟ್ಟುಕೊಂಡವರ ಕೈಯಲ್ಲಿರುವುದು ಕಾಗದ.

ಲೀಸ್ ಪಡೆದವರು ತೀರಿಕೊಂಡರೆ ಲೀಸೂ ಮುಗಿಯುತ್ತದೆ ಎಂಬುದು ಅಲ್ಲಿನ ನ್ಯಾಯಾಲಯಗಳ ನಿಲುವು. ಐದನೇ ವರ್ಷದಲ್ಲಿ ನಿಮಗೇನಾದರೂ ಆದರೆ ಉಳಿದ 25 ವರ್ಷ ಹೆಂಡತಿ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ವಾರಸುದಾರರಿಗೆ ಮುಂದುವರಿಯಬೇಕು ಎಂಬ ಷರತ್ತನ್ನು ಕರಾರಿನಲ್ಲೇ ಹಾಕಿಸಿ, ಅಥವಾ ಮೊದಲಿಗೇ ಮಕ್ಕಳನ್ನೂ ಸಹ ಲೀಸುದಾರರಾಗಿ ಸೇರಿಸಿ. ಕಟ್ಟಡವನ್ನಾದರೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವಿರಾದರೆ, ನೆಲ ಬಿಟ್ಟು ಕಟ್ಟಡ ಮಾತ್ರ ವರ್ಗಾಯಿಸಲು ಭೂ ಕಚೇರಿ 30 ದಿನ ಪ್ರಕಟಣೆ ಹಾಕುತ್ತದೆ. ಎರಡು ದಿನದ ಟ್ರಿಪ್ಪಿನಲ್ಲಿ ಮುಗಿಯುವ ಕೆಲಸವಲ್ಲ.

ಹೆಜ್ಜೆ 6: ಕಟ್ಟುತ್ತಿರುವ ಕಟ್ಟಡ

ನಮ್ಮ ರೇರಾ ಕಾಯ್ದೆಯಲ್ಲಿ ಗ್ರಾಹಕರಿಂದ ಬಂದ ಹಣದ ಶೇ 70ನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು. ಥಾಯ್ಲೆಂಡಿನಲ್ಲಿ ಹಣವನ್ನು ಮೂರನೆಯವರ ಬಳಿ ಇಡುವ ಎಸ್ಕ್ರೋ ಕಾಯ್ದೆ 2008ರಲ್ಲೇ ಬಂದಿದೆ, ಆದರೆ ಅದು ಇಷ್ಟವಿದ್ದವರಿಗೆ. ಕೇಳಿ ನೋಡಿ, ಬಿಲ್ಡರ್ ಒಪ್ಪದಿದ್ದರೆ ಕಂತುಗಳನ್ನು ಕಟ್ಟಡದ ಪ್ರಗತಿಗೆ ಕಟ್ಟಿಹಾಕಿಸಿ. 80 ಅಥವಾ ಹೆಚ್ಚು ಮನೆಗಳ, ಇಲ್ಲವೇ 4,000 ಚದರ ಮೀಟರ್ ಮುಟ್ಟುವ ಕಟ್ಟಡಕ್ಕೆ ಪರಿಸರ ಪರಿಣಾಮ ಅಧ್ಯಯನದ ಒಪ್ಪಿಗೆ ಬೇಕು. ಒಪ್ಪಿಗೆ ‘ಪ್ರೊಸೆಸ್‌ನಲ್ಲಿದೆ’ ಎಂದು ಹೇಳುತ್ತಲೇ ಬುಕಿಂಗ್ ತೆಗೆದುಕೊಳ್ಳುವವರಿದ್ದಾರೆ. ಅದು ಬರುವವರೆಗೆ ದುಡ್ಡು ಕೊಡಬೇಡಿ.

ಒಪ್ಪಿಗೆ ಇದ್ದರೂ ಬೀಳುವುದುಂಟು. ಪಟ್ಟಾಯದ ಬಾಲಿ ಹೈ ಹಡಗುಕಟ್ಟೆಯ ಪಕ್ಕ ಎದ್ದ ವಾಟರ್‌ಫ್ರಂಟ್ ಕಟ್ಟಡ ಊರಿನ ಗುಡ್ಡದ ನೋಟವನ್ನೇ ಮುಚ್ಚುತ್ತದೆ ಎಂದು ಜನ ಸಿಡಿದೆದ್ದು 2014ರಲ್ಲಿ ಕೆಲಸ ನಿಂತಿತು, ಕಾಂಕ್ರೀಟ್ ಅಸ್ಥಿಪಂಜರ ವರ್ಷಗಟ್ಟಲೆ ಹಾಗೇ ನಿಂತಿತ್ತು. ಬ್ಯಾಂಕಾಕಿನ ಆಷ್ಟನ್ ಅಸೋಕ್ ಇನ್ನೂ ವಿಚಿತ್ರ. 783 ಫ್ಲಾಟುಗಳ ಆ ಗೋಪುರದಲ್ಲಿ ಜನ ವಾಸ ಮಾಡುತ್ತಿದ್ದರು, ಕೊಂಡವರಲ್ಲಿ ವಿದೇಶಿಯರೂ ಇದ್ದರು. 2023ರ ಜುಲೈ 27ರಂದು ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ ಕಟ್ಟಡದ ಪರವಾನಗಿಯನ್ನೇ ರದ್ದು ಮಾಡಿತು. ಕಾರಣ, ರಸ್ತೆಗೆ ಹೋಗುವ ದಾರಿ. ಮೆಟ್ರೊಗಾಗಿ ಸ್ವಾಧೀನಪಡಿಸಿಕೊಂಡ ಜಾಗವನ್ನು ಕಟ್ಟಡದ ಪ್ರವೇಶಕ್ಕೆ ಬಳಸಲಾಗಿತ್ತು. ಬಿಲ್ಡರ್ ದೊಡ್ಡ ಹೆಸರು, ಪರವಾನಗಿ ಇಲಾಖೆಗಳೇ ಕೊಟ್ಟದ್ದು. ಹಾಗಾಗಿ ವಕೀಲರ ಬಳಿ ಕಟ್ಟಡದ ಪತ್ರದ ಜೊತೆ ದಾರಿಯ ಪತ್ರವನ್ನೂ ಕೇಳಿ, ಯೋಜನೆಯ ಮೇಲೆ ಕೇಸು ನಡೆಯುತ್ತಿದೆಯೇ ಎಂದೂ ಕೇಳಿ.

ಬ್ರೋಷರ್, ಜಾಹೀರಾತು ಎಲ್ಲವನ್ನೂ ಇಟ್ಟುಕೊಳ್ಳಿ. ಕಾಂಡೊ ಕಾಯ್ದೆಯ 2008ರ ತಿದ್ದುಪಡಿಯ ಪ್ರಕಾರ ಜಾಹೀರಾತಿನಲ್ಲಿ ಹೇಳಿದ್ದು ಕರಾರಿನ ಭಾಗವೇ. ಕರಾರು ಕೂಡ ಸರ್ಕಾರ ನಿಗದಿ ಮಾಡಿದ ಓರ್ ಚೋರ್ 22 ನಮೂನೆಯಲ್ಲಿರಬೇಕು, ಅದಕ್ಕಿಂತ ಗ್ರಾಹಕರಿಗೆ ಪ್ರತಿಕೂಲವಾದ ಷರತ್ತು ಊರ್ಜಿತವಲ್ಲ. ಬಿಲ್ಡರ್ ಕೊಟ್ಟ ಚಂದದ ಇಂಗ್ಲಿಷ್ ಕರಾರನ್ನು ಆ ನಮೂನೆಯ ಪಕ್ಕ ಇಟ್ಟು ವಕೀಲರಿಂದ ಓದಿಸಿ.

ಹೆಜ್ಜೆ 7: ವಕೀಲರು ಮತ್ತು ನೋಂದಣಿಯ ದಿನ

ಬಿಲ್ಡರ್ ಅಥವಾ ಏಜೆಂಟ್ ತೋರಿಸಿದ ವಕೀಲರು ಬೇಡ. ಉಚಿತವಾಗಿ ಕೊಟ್ಟರೆ ಇನ್ನೂ ಬೇಡ. ನ್ಯಾಯಾಲಯದಲ್ಲಿ ನಡೆಯುವುದು ಥಾಯ್ ಭಾಷೆ. ನೀವು ಸಹಿ ಹಾಕುವ ಥಾಯ್ ಪ್ರತಿಯಲ್ಲಿ ಏನಿದೆ ಎಂದು ನಿಮ್ಮ ಪರವಾಗಿ ಓದಿ ಹೇಳುವವರು ನಿಮ್ಮಿಂದಲೇ ಫೀಸು ಪಡೆದವರಾಗಿರಬೇಕು.

ಸಾಧ್ಯವಾದರೆ ನೋಂದಣಿಗೆ ನೀವೇ ಹೋಗಿ. ಭೂ ಕಚೇರಿಯಲ್ಲಿ ಟೋಕನ್ ತೆಗೆದು ಕಾಯಬೇಕು, ಪಾಸ್‌ಪೋರ್ಟ್ ನಕಲಿನ ಪ್ರತಿ ಹಾಳೆಗೂ ಸಹಿ ಬೇಕು, ನಿಮ್ಮ ಹೆಸರನ್ನು ಥಾಯ್ ಲಿಪಿಯಲ್ಲಿ ಬರೆಯುತ್ತಾರೆ. ಹಣ ಬ್ಯಾಂಕಿನ ಕ್ಯಾಷಿಯರ್ಸ್ ಚೆಕ್ ರೂಪದಲ್ಲಿ ನಿಮ್ಮ ವಕೀಲರ ಕೈಯಲ್ಲೇ ಇರಲಿ, ಅಧಿಕಾರಿ ಪತ್ರದ ಬೆನ್ನಿನಲ್ಲಿ ನಿಮ್ಮ ಹೆಸರು ನಮೂದಿಸಿ ಮುದ್ರೆ ಒತ್ತಿದ ಮೇಲೆ ಆಚೆ ಹೋಗಲಿ. ವರ್ಗಾವಣೆ ಶುಲ್ಕ ಸರ್ಕಾರಿ ಮೌಲ್ಯದ ಶೇ 2. ಮಾರುವವರು ಐದು ವರ್ಷದೊಳಗೆ ಮಾರುತ್ತಿದ್ದರೆ ಶೇ 3.3 ವಿಶೇಷ ವ್ಯವಹಾರ ತೆರಿಗೆ, ಇಲ್ಲವಾದರೆ ಶೇ 0.5 ಸ್ಟಾಂಪ್ ಶುಲ್ಕ. ಯಾವುದು ಯಾರ ಪಾಲು ಎಂದು ಕರಾರಿನಲ್ಲೇ ಬರೆದಿರಬೇಕು. ಹಳೆಯ ಫ್ಲಾಟಾದರೆ ನಿರ್ವಹಣಾ ಬಾಕಿ ಇಲ್ಲ ಎಂಬ ಮಂಡಳಿಯ ಪತ್ರವಿಲ್ಲದೆ ನೋಂದಣಿಯೇ ಆಗುವುದಿಲ್ಲ.

ಹೋಗಲಾಗದಿದ್ದರೆ ಭೂ ಇಲಾಖೆಯ ಥಾಯ್ ನಮೂನೆಯಲ್ಲೇ ಅಧಿಕಾರಪತ್ರ ಕೊಡಬೇಕು. ಅದರಲ್ಲಿ ಆಸ್ತಿಯ ನಂಬರ್, ಮಾಡಬೇಕಾದ ಕೆಲಸ, ದಿನಾಂಕ ತುಂಬಿದ ಮೇಲೆ ಸಹಿ ಹಾಕಿ. ಖಾಲಿ ನಮೂನೆಗೆ ಸಹಿ ಮಾಡಿ ಕೊರಿಯರ್ ಮಾಡುವುದೂ ಖಾಲಿ ಚೆಕ್ ಕೊಡುವುದೂ ಒಂದೇ.

ಹೆಜ್ಜೆ 8: ಕೀಲಿ ಕೈಗೆ ಬಂದ ಮೇಲೆ

ನಾವಿಲ್ಲದಾಗ ದಿನದ ಬಾಡಿಗೆಗೆ ಬಿಟ್ಟರಾಯಿತು ಎಂದುಕೊಂಡು ಕೊಂಡವರೇ ಹೆಚ್ಚು. 2004ರ ಹೋಟೆಲ್ ಕಾಯ್ದೆಯ ಪ್ರಕಾರ 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದು ಹೋಟೆಲ್ ವ್ಯವಹಾರ, ಪರವಾನಗಿ ಬೇಕು. ಸಣ್ಣ ವಸತಿಗಳಿಗೆ ವಿನಾಯಿತಿ ಇದ್ದರೂ ಕಾಂಡೊ ಫ್ಲಾಟಿಗೆ ಅದು ಹೊಂದುವುದಿಲ್ಲ. 2018ರಲ್ಲಿ ಹುವಾ ಹಿನ್‌ನ ನ್ಯಾಯಾಲಯ ಹೀಗೆ ಫ್ಲಾಟ್ ಬಿಟ್ಟವರಿಗೆ ದಂಡ ಹಾಕಿತು. ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, 20,000 ಬಾತ್‌ವರೆಗೆ ದಂಡ, ಜೊತೆಗೆ ದಿನಕ್ಕೆ 10,000ದವರೆಗೆ ಬೇರೆ. ‘ಶೇ 7 ಗ್ಯಾರಂಟಿ ಬಾಡಿಗೆ’ ಎಂಬ ಯೋಜನೆಗಳಲ್ಲಿ ಕೇಳಬೇಕಾದ್ದು ಎರಡು: ಆ ಕಟ್ಟಡಕ್ಕೆ ಹೋಟೆಲ್ ಪರವಾನಗಿ ಇದೆಯೇ, ಗ್ಯಾರಂಟಿ ಕೊಡುತ್ತಿರುವ ಕಂಪನಿಯ ಹೆಸರಿನಲ್ಲಿ ಏನಾದರೂ ಆಸ್ತಿ ಇದೆಯೇ. ಎಷ್ಟೋ ಬಾರಿ ಆ ಬಾಡಿಗೆ ನೀವು ಹೆಚ್ಚು ಕೊಟ್ಟ ಬೆಲೆಯಿಂದಲೇ ವಾಪಸ್ ಬರುತ್ತಿರುತ್ತದೆ. ವಿದೇಶಿ ಅತಿಥಿ ಉಳಿದುಕೊಂಡರೆ 24 ಗಂಟೆಯೊಳಗೆ ವಲಸೆ ಇಲಾಖೆಗೆ ಟಿಎಂ30 ಎಂಬ ನಮೂನೆಯಲ್ಲಿ ತಿಳಿಸುವ ಹೊಣೆಯೂ ಮನೆಯವರದ್ದೇ. ಸಾಧಾರಣ ಬೆಲೆಯ ಫ್ಲಾಟ್ ಕೊಂಡ ಮಾತ್ರಕ್ಕೆ ವೀಸಾ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

ಇಲ್ಲಿ ಐಟಿ ರಿಟರ್ನ್ಸ್‌ನ ವಿದೇಶಿ ಆಸ್ತಿ ತೋರಿಸುವ ಎಫ್ಎ ಷೆಡ್ಯೂಲಿನಲ್ಲಿ ಆ ಫ್ಲಾಟನ್ನು ಪ್ರತಿವರ್ಷ ತೋರಿಸಬೇಕು. ಐಟಿಆರ್-1 ಬಳಸುವಂತಿಲ್ಲ. ಬಾಡಿಗೆ ಬರದಿದ್ದರೂ, ತೆರಿಗೆ ಬೀಳದಿದ್ದರೂ ತೋರಿಸಬೇಕು. 2015ರ ಕಪ್ಪುಹಣ ಕಾಯ್ದೆಯಲ್ಲಿ ಮುಚ್ಚಿಟ್ಟರೆ 10 ಲಕ್ಷ ರೂಪಾಯಿ ದಂಡ. 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ 2024ರಲ್ಲಿ ಕೊಟ್ಟ ಸಡಿಲಿಕೆ ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ. ಬ್ಯಾಂಕ್ ಖಾತೆಗೆ ಇದ್ದ ವಿನಾಯಿತಿಯನ್ನು ಫ್ಲಾಟಿಗೂ ಎಂದು ತಿಳಿದು ಬಿಟ್ಟುಬಿಡಬೇಡಿ.

ಕೊನೆಯದಾಗಿ ಉಯಿಲು. ಇಲ್ಲಿನ ಉಯಿಲಿನಲ್ಲಿ ಒಂದು ಸಾಲು ಸೇರಿಸಿದರೆ ಸಾಲದು. ಥಾಯ್ ಆಸ್ತಿಗೆ ಪ್ರತ್ಯೇಕವಾಗಿ ಅಲ್ಲಿನ ಕಾನೂನಿನಂತೆ ಉಯಿಲು ಮಾಡಿಸಿದರೆ ಮನೆಯವರ ಓಡಾಟ ತಪ್ಪುತ್ತದೆ. ಫ್ಲಾಟಿನ ಮೂಲಪತ್ರ, ಎಫ್‌ಇಟಿ, ತಬಿಯನ್ ಬಾನ್ ಎಂಬ ಮನೆ ಪುಸ್ತಕ, ನಿರ್ವಹಣಾ ಶುಲ್ಕದ ರಸೀದಿಗಳು ಒಂದೇ ಕಡೆ ಇರಲಿ, ವಕೀಲರ ಫೋನ್ ನಂಬರ್ ಜೊತೆಗೆ. ವಿದೇಶಿ ವಾರಸುದಾರರು ಕಾಂಡೊ ಹೊಂದುವ ಅರ್ಹತೆಯೊಳಗೆ ಬರದಿದ್ದರೆ, ಆಸ್ತಿ ತಮಗೆ ಬಂದ 60 ದಿನದೊಳಗೆ ಅಧಿಕಾರಿಗೆ ತಿಳಿಸಿ, ಒಂದು ವರ್ಷದೊಳಗೆ ಫ್ಲಾಟನ್ನು ಮಾರಬೇಕು. ಇಲ್ಲಿ ವರ್ಷಾಂತ್ಯದ ಕಾರ್ಯ ಮುಗಿಯುವ ಹೊತ್ತಿಗೆ ಅಲ್ಲಿ ಗಡುವು ಮುಗಿದಿರುತ್ತದೆ. ಆದ್ದರಿಂದ ಈ ದಿನಾಂಕದ ವಿಷಯ ಮನೆಯಲ್ಲಿ ಇನ್ನೊಬ್ಬರಿಗಾದರೂ ಈಗಲೇ ಗೊತ್ತಿರಬೇಕು.